ನಾನು ಊದದ ಮೂರು ಸೀಟಿ

ಮೊನ್ನೆ ಹೊಸಪೇಟೆಯ ದವಾಖಾನೆಯಲ್ಲಿ ರಕ್ತ ತೆಗೆಯುವ ಮೊದಲು ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ದವಾಖಾನೆಯ ಬೆಂಚಿನ ಮೇಲೆ ಇರಲಿಲ್ಲ. ಹಂಪಿಯ ಬಂಡೆಯೊಂದರ ನೆರಳಿನಲ್ಲಿ ಕೈಯಲ್ಲಿ ಹತ್ತಿ ಹಿಡಿದು ಕೂತಿದ್ದೆ. ಹೋದ ವರ್ಷ ದೀಪಾವಳಿಯಿಂದ ಶಿವರಾತ್ರಿಯವರೆಗೆ ನನ್ನ ಕೆಲಸ ಅದೇ ಆಗಿತ್ತು: ಜನ ಹಾಕಿಕೊಂಡು ತೆಗೆದ ಹೆಡ್‌ಫೋನುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೊಬ್ಬರಿಗೆ ಕೊಡುವುದು.

ಆ ನಾಲ್ಕು ತಿಂಗಳ ಸಂಗತಿ ಬರೆಯಬೇಡ ಎಂದು ಮನೆಯಲ್ಲಿ ಹೇಳಿದ್ದಾರೆ. "ಎಪ್ಪತ್ಮೂರು ಆತು ನಿನಗ. ಈಗ್ಯಾಕ ಮೈಮ್ಯಾಲೆ ಕೆಸರು ಹಾಕ್ಕೊಂತಿ?" ಎಂದ ಮಗ. ಹೊಸದಾಗಿ ಹಾಕಿಕೊಳ್ಳುತ್ತಿಲ್ಲ, ಮೊದಲಿನಿಂದ ಇದ್ದದ್ದನ್ನು ತೋರಿಸುತ್ತಿದ್ದೇನೆ ಎಂದೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು ನಾನು. ಬರುವಷ್ಟು ಕನ್ನಡದಲ್ಲಿ ಬರೆಯುತ್ತೇನೆ. ಇಷ್ಟವಿಲ್ಲದವರು ಓದದಿದ್ದರಾಯಿತು.

ಮೊದಲು ತಪ್ಪನ್ನು ಹೇಳಿಬಿಡುತ್ತೇನೆ. ಅದನ್ನು ಕೊನೆಗೆ ಇಟ್ಟುಕೊಂಡು ಕಥೆ ಹೇಳುವ ಜಾಣತನ ನನಗೆ ಬೇಡ.

ಇಪ್ಪತ್ನಾಲ್ಕು ವರ್ಷದ ಹಿಂದೆ ನಾನು ಯಶವಂತನಗರದ ಮೇಲಿನ ಗುಡ್ಡದ ಒಂದು ಅದಿರಿನ ಗಣಿಯಲ್ಲಿ ಬ್ಲಾಸ್ಟಿಂಗ್ ಮೇಟ್ ಆಗಿದ್ದೆ. ಬಂಡೆಗೆ ತೂತು ಕೊರೆದು ಮದ್ದು ತುಂಬಿದ ಮೇಲೆ, ಸಿಡಿಸುವ ಮುಂಚೆ ಮೇಟ್ ಆದವನು ಎರಡೂ ತುದಿಗೆ ನಡೆದು ಹೋಗಬೇಕು. ಪ್ರತಿ ತುದಿಯಲ್ಲಿ ಕೆಂಪು ಬಾವುಟ ಬೀಸಿ ಮೂರು ಉದ್ದನೆಯ ಸೀಟಿ ಊದಬೇಕು. ತಲೆ ಎಣಿಸಬೇಕು. ಆಮೇಲೆಯೇ ಸಿಡಿಸಿ ಎಂದು ಕೈ ಎತ್ತಬೇಕು. ಅವತ್ತು ಮಧ್ಯಾಹ್ನ ಸಂಡೂರು ಗುಡ್ಡಗಳ ಮೇಲೆ ಮೋಡ ಕವಿದು ಬಂತು. ಮಳೆ ಬಿದ್ದರೆ ತೂತಿನಲ್ಲಿದ್ದ ಮದ್ದು ನೆನೆದು ದಿನದ ಕೆಲಸವೆಲ್ಲ ಹಾಳು. ಈ ತುದಿಯಲ್ಲಿ ಸೀಟಿ ಊದಿದೆ. ಆ ತುದಿಗೆ ಹೋಗಲಿಲ್ಲ. ಯಾರೂ ಇರಲಿಕ್ಕಿಲ್ಲ ಅಂದುಕೊಂಡು ಕೈ ಎತ್ತಿದೆ.

ಆ ತುದಿಯಲ್ಲಿ ತಿಮ್ಮಣ್ಣ ಇದ್ದ. ಎಮ್ಮಿಗನೂರಿನವನು, ಡ್ರಿಲ್ ಹಿಡಿಯುವ ಕೆಲಸ. ಕಲ್ಲು ಅವನನ್ನು ಮುಟ್ಟಲಿಲ್ಲ, ಸದ್ದು ಮುಟ್ಟಿತು. ಎರಡೂ ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರ್ ಒದ್ದೆಯಾಗಿತ್ತು.

ವಿಚಾರಣೆಯಲ್ಲಿ ನಾನು ಎರಡು ಸುಳ್ಳು ಹೇಳಿ ಸಹಿ ಮಾಡಿದೆ. ಎರಡೂ ತುದಿಯಲ್ಲಿ ಸೀಟಿ ಊದಿದ್ದೆ ಎಂಬುದು ಒಂದು. ತಿಮ್ಮಣ್ಣನಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು, ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದ ಎಂಬುದು ಇನ್ನೊಂದು. ಅಷ್ಟರಲ್ಲಿ ಹರಿದ ಕಿವಿತಮಟೆಯಿಂದ ಕೀವು ಬರತೊಡಗಿತ್ತು. ವಿಚಾರಣೆಗೆ ಬಂದವರು ಅದನ್ನು ನೋಡಿ ತಲೆಯಾಡಿಸಿದರು. ನನ್ನ ಸುಳ್ಳಿಗೆ ಅವನ ಗಾಯವೇ ಸಾಕ್ಷಿ ಹೇಳಿತು. ಅವನ ಕೆಲಸ ಹೋಯಿತು. ಯಶವಂತನಗರದಲ್ಲಿ ಅವನಿಗೆ 'ಸೀಟಿ ಕೇಳದ ತಿಮ್ಮ' ಎಂದು ಹೆಸರಾಯಿತು. ಆಮೇಲೆ ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಪಾಠ ಮಾಡುವಾಗೆಲ್ಲ ಅವನದೇ ಉದಾಹರಣೆ. ಪಾಠ ಮಾಡುತ್ತಿದ್ದವನು ನಾನು.

ನಿಜ ಹೇಳಬೇಕೆಂದು ಅನ್ನಿಸಿದಾಗೆಲ್ಲ ನನ್ನ ಹತ್ತಿರ ಒಂದು ಗಟ್ಟಿ ನೆಪ ಇತ್ತು. ಹೇಳಿದರೂ ಅವನಿಗೆ ಕೇಳಿಸುವುದಿಲ್ಲವಲ್ಲ.

ಆ ನೆಪವನ್ನು ನನ್ನಿಂದ ಕಿತ್ತುಕೊಂಡವಳು ಶಾಹೀನ. ನಮ್ಮ ಓಣಿಯಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವರ ಮಗಳು, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದಿದವಳು. ಹಂಪಿಯಲ್ಲಿ ಹೊಳೆಯ ದಂಡೆಯ ದಾರಿಗುಂಟ ಹೆಡ್‌ಫೋನಿನ ದನಿ ಹಿಡಿದು ಜನ ನಡೆಯುವ ಒಂದು 'ಕೇಳುವ ನಡಿಗೆ' ಮಾಡಲು ಹೊರಟಿದ್ದಳು. "ಕಾಕಾ, ಜನರನ್ನ ಸಾಲಿನಾಗ ನಿಂದ್ರಿಸೋರು ಒಬ್ರು ಬೇಕು. ನೀವು ಮೇಟ್ ಆಗಿದ್ರಿ, ಬರ್ರಿ" ಎಂದಳು. ಹೋದೆ.

ಅವಳ ಹೆಡ್‌ಫೋನು ಕಿವಿಯೊಳಗೆ ಹೋಗುವಂಥದ್ದಲ್ಲ. ಕಿವಿಯ ಮುಂದೆ, ಕೆನ್ನೆಯ ಎಲುಬಿನ ಮೇಲೆ ಎರಡು ಬಿಲ್ಲೆ ಕೂರುತ್ತವೆ. ಬಿಲ್ಲೆ ನಡುಗುತ್ತದೆ, ಎಲುಬು ಆ ನಡುಕವನ್ನು ಒಳಕಿವಿಗೆ ಒಯ್ಯುತ್ತದೆ. ಕಿವಿ ತೆರೆದೇ ಇರುವುದರಿಂದ ಗಿಳಿಗಳು, ಸ್ಕೂಟರಿನ ಹಾರನ್ನು, ಜೊತೆಗಿದ್ದವರ ಹರಟೆ ಎಲ್ಲವೂ ಕೇಳಿಸುತ್ತವೆ. ಅದರ ಜೊತೆಗೆ ಅವಳು ಇಟ್ಟ ಸದ್ದುಗಳು. ನಾನು ಮೊದಲ ಸಲ ಹಾಕಿಕೊಂಡಾಗ ಎಡಗಡೆಯ ಕಂಬದ ಹಿಂದಿನಿಂದ ಒಬ್ಬ ಹೂವಾಡಗಿತ್ತಿ ಕೂಗಿದಳು. ತಿರುಗಿದೆ. ಬರೀ ಕಂಬ. ತಿರುಗಿದ ಮೇಲೂ ದನಿ ನನ್ನ ತಲೆಯ ಜೊತೆ ಬರಲಿಲ್ಲ, ಕಂಬದ ಹಿಂದೆಯೇ ಉಳಿಯಿತು. ಹೆಡ್‌ಫೋನಿನ ಪಟ್ಟಿಯಲ್ಲಿ ತಲೆ ಎತ್ತ ತಿರುಗಿದೆ ಎಂದು ಬಲ್ಲ ಒಂದು ಚಿಕ್ಕ ಯಂತ್ರ ಇದೆಯಂತೆ.

"ಇದು ಕಣ್ಣಿಲ್ಲದವರಿಗೆ ಕಾಕಾ" ಎಂದಳು ಶಾಹೀನ. "ದನಿ ಕರದ ಕಡೆ ಅವರು ನಡದು ಬರಬೇಕು."

ಆದರೆ ಅವಳಿಗೊಂದು ಅನುಮಾನ ಇತ್ತು. ತಲೆಬುರುಡೆ ಅಂದರೆ ಒಂದೇ ಗಡಿಗೆ. ಎಡಗಡೆ ಬಡಿದರೆ ಬಲಗಡೆಯೂ ಅದುರುತ್ತದೆ. ಹಾಗಾಗಿ ಎಲುಬಿನಿಂದ ಕೇಳುವಾಗ ದಿಕ್ಕು ಕಲಸಿಹೋಗಬಹುದು. ಪರೀಕ್ಷೆ ಮಾಡಲು ಹಂಪಿ, ಕಮಲಾಪುರದ ಜನರನ್ನೇ ಕರೆದೆವು. ಯಾವ ಸದ್ದು ಯಾವ ದಿಕ್ಕಿಗೆ ಇಟ್ಟಿದೆ ಎಂಬ ಪಟ್ಟಿ ನನ್ನ ಕೈಯಲ್ಲಿ. ಸರಿಯಾಗಿ ತೋರಿಸಿದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು.

ಚಳಿಗಾಲದ ಬೆಳಗು, ಬಂಡೆಗಳು ಇನ್ನೂ ತಣ್ಣಗಿರುತ್ತಿದ್ದವು. ಬಾಳೆಹಣ್ಣು ಮಾರುವ ಒಬ್ಬಾಕೆಗೆ ಹೆಡ್‌ಫೋನು ಹಾಕಿ, "ನೀರಿನ ಸಪ್ಪಳ ಯಾವ ಕಡೆಯಿಂದ ಬಂತ್ರೀ?" ಎಂದು ಕೇಳಿದಳು ಶಾಹೀನ.

"ಹೊಳಿ ಅಲ್ಲೈತಲ್ಲವ್ವಾ, ಅಲ್ಲಿಂದ್ಲೇ. ಮತ್ತೆಲ್ಲಿಂದ ಬರಬೇಕು, ನಮ್ಮತ್ತಿ ಮನಿಯಿಂದ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಸರಿ ಗುರುತು ಹಾಕಿದೆ. ಆಟೋದವರೂ ಹೊಳೆಯ ಕಡೆಗೇ ತೋರಿಸಿದರು. ಗಂಟೆ ಕೇಳಿದರೆ ಎಲ್ಲರೂ ಗುಡಿಯ ಕಡೆ. ದಿನಗಟ್ಟಲೆ ಹಾಳೆಯ ತುಂಬ ಸರಿ ಗುರುತು. ಶಾಹೀನ ಖುಷಿಯಿಂದ ಕುಣಿದಾಡಿದಳು.

ಒಂದು ದಿನ ನೀರಿನ ಸದ್ದು ತೆಂಕಣಕ್ಕೆ ಇಡಲಾಗಿತ್ತು. ಪಟ್ಟಿಯಲ್ಲಿ ಹಾಗೇ ಬರೆದಿತ್ತು. ಹೊಳೆ ಇರುವುದು ಬಡಗಣಕ್ಕೆ. ಅವತ್ತು ಬಂದ ಹನ್ನೊಂದು ಜನರೂ ಬಡಗಣಕ್ಕೇ ಬೆರಳು ತೋರಿಸಿದರು. ಆಗ ನನಗೆ ತಿಳಿಯಿತು. ಇವರು ಕೇಳಿ ತೋರಿಸುತ್ತಿಲ್ಲ, ಗೊತ್ತಿದ್ದದ್ದನ್ನು ತೋರಿಸುತ್ತಿದ್ದಾರೆ. ಹುಟ್ಟಿದಾಗಿನಿಂದ ಹೊಳೆ ನೋಡಿದವರಿಗೆ ನೀರಿನ ಸದ್ದು ಬೇರೆ ಕಡೆಯಿಂದ ಬರುವುದಾದರೂ ಹೇಗೆ?

ತಿಳಿದೂ ನಾನು ಹನ್ನೊಂದು ಸರಿ ಗುರುತು ಹಾಕಿದೆ.

ಯಾಕೆ ಹಾಕಿದೆ? ಯಾರೂ ಹೇಳಿಕೊಡಲಿಲ್ಲ, ಯಾರೂ ಹೆದರಿಸಲಿಲ್ಲ. ಗಣಿಯಲ್ಲಿ ಮೂವತ್ತು ವರ್ಷ ಕಲಿತ ವಿದ್ಯೆ ಅದು: ಪುಸ್ತಕ ಚೊಕ್ಕ ಇರಬೇಕು, ಮೇಲಿನವರ ಮುಖ ಬಾಡಬಾರದು. ಕೈ ತಾನಾಗಿಯೇ ಬರೆಯಿತು. ಅವತ್ತು ಸಂಜೆ ಬಸ್ಸಿನಲ್ಲಿ ಬರುವಾಗ ಶಾಹೀನ ತನ್ನಷ್ಟಕ್ಕೆ ಹೇಳುತ್ತಿದ್ದಳು, ಮುಂದಿನ ತಿಂಗಳು ಕಣ್ಣಿಲ್ಲದವರ ಒಂದು ಗುಂಪು ಬರುತ್ತದೆ, ಹೊಳೆಯ ದಂಡೆಯ ಬಂಡೆಗಳ ಮೇಲೆ ಅವರೇ ನಡೆಯುತ್ತಾರೆ ಎಂದು. ನನ್ನ ಕಣ್ಣಿಗೆ ಕಂಡದ್ದು ತಿಮ್ಮಣ್ಣನ ಒದ್ದೆಯಾದ ಕಾಲರು.

ಮರುದಿನ ಬೆಳಿಗ್ಗೆ ಅವಳಿಗೆ ಹೇಳಿದೆ. ಹಾಳೆಗಳನ್ನೆಲ್ಲ ನನ್ನ ಮುಂದೆಯೇ ಹರಿದಳು.

"ನಿಮಗ ಏನ್ ಬಂದಿತ್ತು ಕಾಕಾ? ಯಾರಾದ್ರೂ ಹೊಳಿಗೆ ಬಿದ್ದಿದ್ರ?"

"ಬಿದ್ದಿದ್ರ ಅವರದೇ ತಪ್ಪು ಅಂತಿದ್ದೆ" ಎಂದೆ. ಬೇಕೆಂದು ಹೇಳಿದ್ದಲ್ಲ. ನಿಜ ಹಾಗೇ ಹೊರಗೆ ಬಿತ್ತು. ಅವಳು ನನ್ನನ್ನು ಕೆಲಸದಿಂದ ತೆಗೆಯಬಹುದಿತ್ತು, ತೆಗೆಯಲಿಲ್ಲ.

"ಕಿವಿ ಪೂರಾ ಮುಚ್ಚಿ, ಎಲುಬಿನಿಂದ ಮಾತ್ರ ಕೇಳೋ ಮನುಷ್ಯಾ ಬೇಕು. ಸುಳ್ಳು ಹೇಳದ ಮನುಷ್ಯಾ" ಎಂದಳು.

"ಒಬ್ಬ ಇದಾನ" ಎಂದೆ. "ಕಂಪ್ಲಿಯಾಗ. ಕಿವಿ ತಮಟಿ ಹರದೈತಿ, ಒಳಗಿವಿ ಉಳದಿರಬೇಕು."

ಸಂಕ್ರಾಂತಿ ಕಳೆದಿತ್ತು. ಕಂಪ್ಲಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ನಾನೂ ಶಾಹೀನಳೂ ಕೂತ ಬಸ್ಸು ಅವುಗಳ ಹಿಂದೆ ತೆವಳಿತು. ತಿಮ್ಮಣ್ಣ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಇದ್ದಾನೆಂದು ಕೇಳಿ ಗೊತ್ತಿತ್ತು, ನೋಡಲು ಒಮ್ಮೆಯೂ ಹೋಗಿರಲಿಲ್ಲ. ಒಳಗೆ ಹೊಸ ಭತ್ತದ ತೌಡಿನ ಧೂಳು, ಮಾತು ಕೇಳಿಸದಷ್ಟು ಗದ್ದಲ. ತಿಮ್ಮಣ್ಣ ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ತಿರುಗುವ ಬೇರಿಂಗಿನ ಮನೆಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ತಲೆಯನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ವಾಲಿಸಿದ. ಆಮೇಲೆ ಸಲಾಕೆ ತೆಗೆದು ಮೂರನೆಯ ಬೇರಿಂಗಿಗೆ ಸುಣ್ಣದ ಗೀಟು ಎಳೆದ.

"ಗೀಟು ಹಾಕಿದ್ದು ಎಂಟು ದಿನದಾಗ ಮುರೀತೈತಿ. ಕಿವಿ ಇದ್ದೋರಿಗೆ ಗೊತ್ತಾಗಂಗಿಲ್ಲ, ಇವನಿಗೆ ಗೊತ್ತಾಗ್ತೈತಿ" ಎಂದು ಪಕ್ಕದಲ್ಲಿ ಯಾರೋ ನನ್ನ ಕಿವಿಯಲ್ಲಿ ಕೂಗಿದರು. ನಿಂಗಮ್ಮ, ಅವನ ಹೆಂಡತಿ. ಅದೇ ಗಿರಣಿಯಲ್ಲಿ ತೌಡು ಸಾಣಿಸುತ್ತಾಳೆ. ನನ್ನ ಗುರುತು ಹತ್ತಿದ ಕೂಡಲೇ ಜರಡಿ ಕೆಳಗಿಟ್ಟಳು. "ಓಹೋ, ಮೇಟ್ರು. ಇನ್ನೂ ಅದೀರೇನು?"

ಮಧ್ಯಾಹ್ನ ಊಟಕ್ಕೆ ಗಿರಣಿ ನಿಂತಿತು. ತಿಮ್ಮಣ್ಣ ಬಂದು ನನ್ನ ಭುಜ ಹಿಡಿದು, ಕಿವುಡರು ಮಾತಾಡುವಷ್ಟು ದೊಡ್ಡ ದನಿಯಲ್ಲಿ ಹೇಳಿದ್ದು ಇದು: "ಮೇಟ್! ಕುಂದ್ರು. ಅವತ್ತು ನಿನ್ನ ಸೀಟಿಗೆ ಲಕ್ಷ್ಯ ಕೊಡ್ಲಿಲ್ಲ ನೋಡು, ನನ್ನ ತಪ್ಪಿಗೆ ನೀನೂ ವಿಚಾರಣಿ ಗಿಚಾರಣಿ ಅಂತ ಓಡಾಡಬೇಕಾತು."

ಇಪ್ಪತ್ನಾಲ್ಕು ವರ್ಷ ಅವನು ಅದನ್ನು ನಂಬಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶಾಹೀನ ತಿಮ್ಮಣ್ಣನಿಗೆ ಹೆಡ್‌ಫೋನು ಹಾಕಿ, ಕೈಯಲ್ಲಿದ್ದ ಚಿಕ್ಕ ಮೈಕನ್ನು ನಿಂಗಮ್ಮನ ಬಾಯಿಯ ಹತ್ತಿರ ಹಿಡಿದಳು. ನಿಂಗಮ್ಮ ಏನು ಹೇಳಬೇಕೆಂದು ತಿಳಿಯದೆ, "ಊಟ ಮಾಡ್ತೀಯೇನು?" ಎಂದಳು.

ತಿಮ್ಮಣ್ಣ ಕೆನ್ನೆಯ ಮೇಲಿನ ಬಿಲ್ಲೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದ. ಬಾಯಿ ಸುಮ್ಮನೆ ತೆರೆದುಕೊಂಡಿತು. "ಇದೇನಲೇ, ನಿನ್ನ ದನಿ ಹಿಂಗ ಒಡದೈತಿ?"

"ಇಷ್ಟು ವರ್ಷ ನಿನ್ನ ಜೊತಿ ಒದರಿ ಒದರಿ ಒಡೀದ ಏನು ಮಾಡೀತು!" ಎಂದು ಹೇಳಿ ನಿಂಗಮ್ಮ ಸೆರಗು ಮುಖಕ್ಕೆ ಒತ್ತಿಕೊಂಡಳು.

ಆಮೇಲೆ ಪರೀಕ್ಷೆ. ದಿಕ್ಕು ನೋಡಲು ಚೂಪಾದ ಸದ್ದೇ ಬೇಕಂತೆ. ಶಾಹೀನ ಅದಕ್ಕೆ ಮೊದಲೇ ತುಂಬಿಟ್ಟುಕೊಂಡದ್ದು ಸೀಟಿಯ ಸದ್ದು. ತಿಮ್ಮಣ್ಣ ಆಗಷ್ಟೇ ಅಂದ ಮಾತು ಬಿಟ್ಟರೆ ಅವಳಿಗೆ ನಮ್ಮ ಹಿಂದಿನದ್ಯಾವುದೂ ಗೊತ್ತಿರಲಿಲ್ಲ. ಎಡಕ್ಕೆ ಇಟ್ಟ ಸೀಟಿಗೆ ತಿಮ್ಮಣ್ಣ ಎಡಕ್ಕೆ ತೋರಿಸಿದ, ಬಲಕ್ಕೆ ಇಟ್ಟದ್ದಕ್ಕೆ ಬಲಕ್ಕೆ. ಮುಂದೆಯೋ ಹಿಂದೆಯೋ ಎಂಬುದು ಮಾತ್ರ ತಪ್ಪಿತು. "ತಡಿ" ಎಂದು ಸಲಾಕೆ ಕಚ್ಚಿದಾಗಿನಂತೆ ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದ. "ಹಿಂದ ಐತಿ" ಎಂದ. ಸರಿ ಇತ್ತು. ಮತ್ತೆ ಹಾಕಿದಳು, ಮತ್ತೆ ಸರಿ. "ತಲಿ ಗೂಟದಂಗ ನಿಂದ್ರಿಸಿದ್ರ ತಿಳ್ಯಂಗಿಲ್ಲವ್ವಾ, ಅಲುಗಾಡಿಸಬೇಕು" ಎಂದ. ಶಾಹೀನ ಸರಸರನೆ ಬರೆದುಕೊಂಡಳು. ದೀಪಾವಳಿಯಿಂದ ಸಿಗದಿದ್ದ ಉತ್ತರ ಅವಳಿಗೆ ಸಿಕ್ಕಿತ್ತು.

ತಿಮ್ಮಣ್ಣ ನಗುತ್ತಿರಲಿಲ್ಲ. "ಆ ಸೀಟಿ ಇನ್ನೊಮ್ಮಿ ಊದು" ಎಂದ. "ಮೂರು ಸಲ. ಉದ್ದಕ."

ಅವಳು ಮೂರು ಸಲ ಹಾಕಿದಳು. ಅವನು ಕಣ್ಣು ಮುಚ್ಚಿ ಕೇಳಿದ.

"ಮೇಟ್. ಅವತ್ತು ಡ್ರಿಲ್ಲಿನ ಕಂಪ್ರೆಸರ್ ಬಂದ್ ಇತ್ತು, ಗದ್ದಲ ಇದ್ದಿಲ್ಲ. ನಾ ಪೈಪ್ ಸುತ್ತಾಕತ್ತಿದ್ದೆ. ಗಾಳಿ ಸೈತ ಇದ್ದಿಲ್ಲ. ಇಷ್ಟು ಚೂಪ್ ಸದ್ದು ನಂಗ್ಯಾಕ ಕೇಳಿಸ್ಲಿಲ್ಲ?"

ಶಾಹೀನ ಏನೂ ತಿಳಿಯದೆ ಮೈಕನ್ನು ನನ್ನ ಕೈಗೆ ಕೊಟ್ಟಳು. "ಉತ್ತರ ಹೇಳ್ರಿ ಕಾಕಾ. ಈಗ ಅವರಿಗೆ ಕೇಳಿಸ್ತೈತಿ."

ಹೇಳಿದೆ. ಊದಲಿಲ್ಲ ತಿಮ್ಮಣ್ಣ, ಆ ತುದಿಗೆ ನಾನು ಬರಲೇ ಇಲ್ಲ, ಅದಕ್ಕೇ ಕೇಳಿಸಲಿಲ್ಲ ಎಂದೆ. ಕಿವಿ ಸೋರುವ ಮಾತು ಬರೆಸಿದವನೂ ನಾನೇ ಎಂದೆ. ಅವನು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದ, ನನ್ನ ದನಿ ಎಲ್ಲಿಂದ ಬರುತ್ತಿದೆ ಎಂದು ಹುಡುಕುವವನಂತೆ.

"ನಿನ್ನ ಮಾತು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ" ಎಂದ. "ತಲಿ ನಡುವ ಐತಿ."

ಹೆಡ್‌ಫೋನು ತೆಗೆದು ಶಾಹೀನಳ ಮಡಿಲಲ್ಲಿ ಇಟ್ಟ. ಮಾತಾಡಿದ್ದು ನಿಂಗಮ್ಮ. "ನಾ ಇವನ್ನ ಬೈದೆ ಮೇಟ್ರೇ. ಲಕ್ಷ್ಯಗೇಡಿ ಅಂದೆ. ಮಕ್ಕಳ ಮುಂದ ಅಂದೆ, ಬೀಗರ ಮುಂದ ಅಂದೆ. ಅಂದದ್ದು ವಾಪಸ್ ತಗೊಳ್ಳೋದು ಹೆಂಗ, ಹೇಳ್ರಿ."

ಹೊರಡುವಾಗ ತಿಮ್ಮಣ್ಣ ಗಿರಣಿಯ ಬಾಗಿಲವರೆಗೆ ಬಂದ. "ನಂಗ ಹೇಳಿದ್ರ ಏನ್ ಬಂತು? ಯಶವಂತನಗರದಾಗ ಹೇಳು. ಪಾಠ ಮಾಡಿದ್ದು ಅಲ್ಲೇ ಅಲ್ಲೇನು?"

ನಾನು ಅಲ್ಲಿ ಹೋಗಿ ಹೇಳುತ್ತೇನೆಂದು ಗೊತ್ತಾದ ಮೇಲೆ ಬುದ್ಧಿ ಹೇಳಲು ಬಂದವರಿಗೆ ಲೆಕ್ಕವಿಲ್ಲ. ಹಳೆಯ ಆಫೀಸಿನ ಒಬ್ಬರು ಫೋನ್ ಮಾಡಿ, ಆ ಕಡತವೇ ಈಗ ಇಲ್ಲ, ನೀವ್ಯಾಕೆ ಎಬ್ಬಿಸುತ್ತೀರಿ ಎಂದರು. ಕಡತ ಇಲ್ಲದಿರಬಹುದು, ನಾನಿದ್ದೇನೆ ಎಂದೆ. ಮಗ ಅವನಿಗೆ ಏನಾದರೂ ಕೊಟ್ಟು ಕೈ ಮುಗಿದು ಬಾ ಎಂದ. ನಮ್ಮ ಗುರುಗಳೊಬ್ಬರು ಶಿವನ ಮುಂದೆ ಹೇಳಿಕೊಂಡರೆ ಸಾಕು ಎಂದರು. ಶಿವನ ಬಗ್ಗೆ ನಾನು ಸುಳ್ಳು ಹೇಳಿರಲಿಲ್ಲ ಸ್ವಾಮೀ, ತಿಮ್ಮಣ್ಣನ ಬಗ್ಗೆ ಹೇಳಿದ್ದೆ ಎಂದೆ. ಅವರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ. ಜೀವಮಾನವಿಡೀ ಮೇಲಿನವರ ಮುಖ ನೋಡಿ ಕೈ ಎತ್ತಿದವನು ನಾನು. ಒಂದು ಸಲವಾದರೂ ನೋಡದೆ ಎತ್ತುತ್ತೇನೆ ಎಂದು ಹಟ ಹಿಡಿದೆ.

ಕಣ್ಣಿಲ್ಲದವರ ಗುಂಪು ಬಂದು ಹೋಯಿತು. ಶಾಹೀನ ದಾರಿಯನ್ನು ಹೊಳೆಯ ದಂಡೆಯಿಂದ ಒಳಗಿನ ಸಮತಟ್ಟು ನೆಲಕ್ಕೆ ಸರಿಸಿದ್ದಳು. ಪ್ರತಿ ತಿರುವಿನಲ್ಲಿ ಮೊದಲು ಒಂದು ದನಿ ಹೇಳುತ್ತಿತ್ತು: ನಿಲ್ಲಿ, ತಲೆಯನ್ನು ಮೆಲ್ಲಗೆ ಎರಡೂ ಕಡೆ ತಿರುಗಿಸಿ, ಆಮೇಲೆ ಹೆಜ್ಜೆ ಇಡಿ. ನಾನು ಪ್ರತಿಯೊಬ್ಬರ ಪಕ್ಕದಲ್ಲೂ ನಡೆದೆ. ಎರಡೂ ತುದಿಗೆ ಹೋಗಿ ತಲೆ ಎಣಿಸಿದೆ.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ, ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಯಶವಂತನಗರಕ್ಕೆ ಹೋದೆ. ಕಂಪನಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಟೀ ಅಂಗಡಿಯ ಮುಂದೆ ಕೆಂಪು ಧೂಳು ಮೆತ್ತಿದ ಜನ, ಅರ್ಧ ಹೊಸಬರು, ಅರ್ಧ ನನ್ನ ಪಾಠ ಕೇಳಿದವರು. ತಿಮ್ಮಣ್ಣ, ನಿಂಗಮ್ಮ ಮೊದಲ ಬಸ್ಸಿಗೇ ಬಂದು ರಸ್ತೆಯ ಆಚೆ ನಿಂತಿದ್ದರು. ಹೆಡ್‌ಫೋನು ಕಳಿಸುತ್ತೇನೆಂದು ಶಾಹೀನ ಹೇಳಿದ್ದಕ್ಕೆ ತಿಮ್ಮಣ್ಣ ಬ್ಯಾಡ ಅಂದಿದ್ದನಂತೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಜನರ ಮುಖ ನೋಡುತ್ತ ನಿಂತಿದ್ದ.

ಅಂಗಡಿಯ ಕಟ್ಟೆ ಹತ್ತಿ ಹೇಳಿದೆ. 'ಸೀಟಿ ಕೇಳದ ತಿಮ್ಮ' ಅಂತ ನಿಮಗೆಲ್ಲ ಹೇಳಿಕೊಟ್ಟೆನಲ್ಲ, ಅವತ್ತು ಅವನಿದ್ದ ತುದಿಯಲ್ಲಿ ನಾನು ಸೀಟಿ ಊದಿಯೇ ಇರಲಿಲ್ಲ, ತಪ್ಪು ನನ್ನದು ಎಂದೆ. ಗುಂಪಿನಲ್ಲಿ ಒಬ್ಬ, "ಹೋಗ್ಲಿ ಬಿಡ್ರಿ ಅಜ್ಜಾರ, ಅವಸರದಾಗ ಯಾರಿಗೂ ಆಗ್ತೈತಿ" ಎಂದ. ಇನ್ನೊಬ್ಬ ಕೈ ಹಿಡಿದು ಕೆಳಗೆ ಇಳಿಸಿದ. ಅಂಗಡಿಯವನು ನನ್ನ ಕೈಗೆ ಬಿಸಿ ಟೀ ಕೊಟ್ಟ. ದೊಡ್ಡ ಮನಸ್ಸು ಎಂದು ಯಾರೋ ಅಂದರು. ನಿಜ ಹೇಳುತ್ತೇನೆ, ನನಗೆ ಹಿತವಾಯಿತು.

ತಿಮ್ಮಣ್ಣ ರಸ್ತೆ ದಾಟಿ ಬಂದ.

"ಯಾರೂ ನಿನ್ನ ಬೈಲಿಲ್ಲ" ಎಂದ, ಎಲ್ಲರಿಗೂ ಕೇಳಿಸುವಂತೆ. "ಟೀ ಕೊಟ್ರು. ನೀ ಪೂರಾ ಹೇಳಿಲ್ಲ."

ಪೂರಾ ಹೇಳಿರಲಿಲ್ಲ. ಅವಸರದ ತಪ್ಪನ್ನು ಹೇಳಿ, ಕೂತು ಯೋಚಿಸಿ ಹೇಳಿದ ಸುಳ್ಳನ್ನು ನುಂಗಿಕೊಂಡಿದ್ದೆ. ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟು ಮತ್ತೆ ಹತ್ತಿದೆ. ಇವನ ಕಿವಿ ಹುಟ್ಟಿದಾಗಿನಿಂದ ನೆಟ್ಟಗಿತ್ತು, ಚಿಕ್ಕಂದಿನಿಂದ ಸೋರುತ್ತಿತ್ತು ಅಂತ ಬರೆಸಿ ಸಹಿ ಮಾಡಿದವನು ನಾನು, ಆ ಸಹಿಯಿಂದ ಇವನ ಕೆಲಸ ಹೋಯಿತು, ನಾನು ಮಾತ್ರ ಪೂರಾ ನೌಕರಿ ಮುಗಿಸಿ ಹಾರ ಹಾಕಿಸಿಕೊಂಡು ಇಳಿದೆ ಎಂದೆ.

ಕಂಪನಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಹಳೆಯ ಡ್ರೈವರೊಬ್ಬ ಕೆಳಗಿಳಿದು ಬಂದ. ನನ್ನ ಪಾಠಕ್ಕೆ ಎಷ್ಟೋ ಸಲ ಕೂತವನು. "ಥೂ ನಿನ್ನ! ನಿನ್ನ ಮಾತ್ ಕೇಳಿ ಇವನ್ನ ಕಂಡಾಗೆಲ್ಲ ಸೀಟಿ ಊದಿ ನಕ್ಕೀನಲ್ಲೋ, ಭಾಡ್ಯಾ!" ಎಂದು ನನ್ನ ಕಾಲ ಹತ್ತಿರ ಉಗುಳಿದ. ಅವನ ಹಿಂದೆ ಇನ್ನಿಬ್ಬರು ಬೈಯಲು ಬಾಯಿ ತೆಗೆದರು. ಹೊಸಬರು ದೂರ ಸರಿದು ನಿಂತರು. ಮೊದಲು ನನ್ನ ಕೈ ಹಿಡಿದು ಇಳಿಸಿದವನು ಈ ಸಲ ಇಳಿಸಲು ಬರಲಿಲ್ಲ.

ತಿಮ್ಮಣ್ಣ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದ.

"ಹ್ಞಾಂ" ಎಂದ. "ಈಗ ಆತು."

ಕಟ್ಟೆಯ ಮೇಲೆ ನಾನು ಇಟ್ಟಿದ್ದ ಗ್ಲಾಸನ್ನು ಎತ್ತಿಕೊಂಡು ಅರ್ಧ ತಾನು ಕುಡಿದು, ಇನ್ನರ್ಧ ನಿಂಗಮ್ಮನಿಗೆ ಕೊಟ್ಟ. ನನಗೆ ಬೇರೆ ಟೀ ಹೇಳಲಿಲ್ಲ.